ರೈತರ ಬಿಲ್ಲು ತಯಾರಾಗುವಾಗ ತೂಕದ ಪರದೆ ನಿಲ್ಲಬಾರದೆಂದರೆ: ನೋಡ್‌ಜೆಎಸ್‌ನಲ್ಲಿ ವರ್ಕರ್ ಪೂಲ್

ಪ್ರಶ್ನೆ: ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ವೇಬ್ರಿಡ್ಜ್‌ನ ತೂಕ ದಾಖಲಿಸುವುದು, ರೈತರ ಕಬ್ಬಿನ ಬಿಲ್ಲು ಮಾಡುವುದು ಎರಡೂ ಒಂದೇ ನೋಡ್‌ಜೆಎಸ್ (ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಓಡಿಸುವ ವೇದಿಕೆ) ಸರ್ವರ್‌ನಲ್ಲಿವೆ. ಹದಿನೈದು ದಿನಕ್ಕೊಮ್ಮೆ ಸುಮಾರು 6,000 ಬಿಲ್ಲುಗಳನ್ನು ಕನ್ನಡದಲ್ಲಿ ಪಿಡಿಎಫ್ ಮಾಡಬೇಕು. ಒಂದಕ್ಕೆ 200 ಮಿಲಿಸೆಕೆಂಡ್ ಹಿಡಿಯುತ್ತದೆ. ಆ ಕೆಲಸ ಶುರುವಾದರೆ ತೂಕದ ಪರದೆ ನಿಂತುಹೋಗುತ್ತದೆ, ಗೇಟಿನಲ್ಲಿ ಟ್ರ್ಯಾಕ್ಟರ್ ಸಾಲು ಬೆಳೆಯುತ್ತದೆ. ಫಂಕ್ಷನ್‌ಗಳನ್ನೆಲ್ಲ ಅಸಿಂಕ್ ಮಾಡಿದೆ. ನೋಡ್‌ಜೆಎಸ್ ಒಳಗಿನ ಲಿಬ್‌ಯುವಿ ಲೈಬ್ರರಿಯ ಥ್ರೆಡ್‌ಪೂಲನ್ನು 4ರಿಂದ 16ಕ್ಕೆ ಏರಿಸಿದೆ. ಎರಡರಿಂದಲೂ ಪ್ರಯೋಜನವಾಗಲಿಲ್ಲ. ಬಿಲ್ಲಿಗೊಂದು ವರ್ಕರ್ (ಬೇರೆ ಥ್ರೆಡ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಘಟಕ) ತೆರೆದಾಗ ಮೆಮೊರಿ ತುಂಬಿ ಸರ್ವರ್ರೇ ಬಿದ್ದುಹೋಯಿತು. ಯಂತ್ರ 4 ಕೋರ್, 8 ಜಿಬಿಯದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇರೆ ಯಂತ್ರದಲ್ಲಿದೆ. ಪಿಡಿಎಫ್‌ಗೆ ಪಿಡಿಎಫ್‌ಕಿಟ್ ಲೈಬ್ರರಿ ಬಳಸುತ್ತೇನೆ. ಏನು ಮಾಡಬೇಕು?

ಉತ್ತರ: ನೀವು ಮಾಡಿ ನೋಡಿದ ಮೂರೂ ಉಪಾಯಗಳು ಏಕೆ ಕೈಕೊಟ್ಟವು ಎಂಬುದರಲ್ಲೇ ಪರಿಹಾರದ ದಾರಿ ಇದೆ. ಅಲ್ಲಿಂದಲೇ ಶುರು ಮಾಡೋಣ.

ನೋಡ್‌ಜೆಎಸ್‌ನಲ್ಲಿ ನೀವು ಬರೆದ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೊಂದು ಕೆಲಸ ಮಾಡುವ ಒಂದೇ ಎಳೆಯಲ್ಲಿ. ಫಂಕ್ಷನ್‌ನ ಮುಂದೆ ಅಸಿಂಕ್ ಎಂದು ಬರೆದ ಮಾತ್ರಕ್ಕೆ ಅದು ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ಡೇಟಾಬೇಸ್‌ಗಾಗಿ ಕಾಯುವಾಗ, ನೆಟ್‌ವರ್ಕ್‌ಗಾಗಿ ಕಾಯುವಾಗ ಅವೇಟ್ ಥ್ರೆಡ್ಡನ್ನು ಬಿಟ್ಟುಕೊಡುತ್ತದೆ, ನಿಜ. ಆದರೆ ಪಿಡಿಎಫ್ ಪುಟ ಜೋಡಿಸುವುದು ಬರೀ ಲೆಕ್ಕಾಚಾರ, ಅಲ್ಲಿ ಕಾಯುವ ಜಾಗವೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಆಗಲೇ ಮುಗಿದಿರುವ ಪ್ರಾಮಿಸ್ (ಮುಂದೆ ಬರುವ ಫಲಿತಾಂಶವನ್ನು ಪ್ರತಿನಿಧಿಸುವ ವಸ್ತು) ಮೇಲೆ ಅವೇಟ್ ಹಾಕಿದರೆ ಮುಂದಿನ ಸಾಲು ಮೈಕ್ರೋಟಾಸ್ಕ್ ಸರದಿಗೆ ಸೇರುತ್ತದೆ. ಆ ಸರದಿ ಪೂರ್ತಿ ಖಾಲಿಯಾಗುವವರೆಗೆ ಈವೆಂಟ್ ಲೂಪ್ (ಬಂದ ಕೆಲಸಗಳನ್ನು ಸರದಿಯಂತೆ ಎತ್ತಿಕೊಳ್ಳುವ ಸುತ್ತು) ಹೊಸ ರಿಕ್ವೆಸ್ಟ್ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಸಾವಿರ ಅವೇಟ್ ಬರೆದರೂ ತೂಕದ ರಿಕ್ವೆಸ್ಟ್ ಬಾಗಿಲಲ್ಲೇ ನಿಂತಿರುತ್ತದೆ.

ಲಿಬ್‌ಯುವಿ ಥ್ರೆಡ್‌ಪೂಲ್ ಬೇರೆಯದೇ ಕೆಲಸಕ್ಕಿರುವುದು. ಫೈಲ್ ಓದು-ಬರಹ, ಡಿಎನ್‌ಎಸ್ ಲುಕಪ್, ಜಿಪ್ ಕುಗ್ಗಿಸುವಿಕೆ, ಪಿಬಿಕೆಡಿಎಫ್2 ಮತ್ತು ಸ್ಕ್ರಿಪ್ಟ್ (scrypt) ನಂಥ ಕೆಲವು ಕ್ರಿಪ್ಟೊ ಕೆಲಸಗಳು ಅಲ್ಲಿ ನಡೆಯುತ್ತವೆ. ಅಲ್ಲಿ ಓಡುವುದೆಲ್ಲ ಸಿ, ಸಿ++ ಕೋಡ್. ನಿಮ್ಮ ಜಾವಾಸ್ಕ್ರಿಪ್ಟ್ ಅದರೊಳಕ್ಕೆ ಹೋಗುವುದೇ ಇಲ್ಲ, ಹಾಗಾಗಿ 16 ಮಾಡಿದರೂ 64 ಮಾಡಿದರೂ ಈ ತೊಂದರೆಗೆ ಅದು ಸಂಬಂಧವಿಲ್ಲ. ಅದನ್ನು ಮತ್ತೆ 4ಕ್ಕೇ ಇಳಿಸಿಬಿಡಿ.

ವರ್ಕರ್ ಸರಿಯಾದ ದಾರಿ. ಆದರೆ ಬಿಲ್ಲಿಗೊಂದು ವರ್ಕರ್ ತಪ್ಪು. ಒಂದೊಂದು ವರ್ಕರ್‌ಗೂ ಅದರದೇ ವಿ8 ಐಸೊಲೇಟ್ (ಜಾವಾಸ್ಕ್ರಿಪ್ಟ್ ಎಂಜಿನ್‌ನ ಪ್ರತ್ಯೇಕ ಪ್ರತಿ), ಅದರದೇ ಹೀಪ್ (ದತ್ತಾಂಶ ಇಡುವ ಮೆಮೊರಿ), ಅದರದೇ ಈವೆಂಟ್ ಲೂಪ್ ಇರುತ್ತದೆ. ಪಿಡಿಎಫ್ ಲೈಬ್ರರಿಯನ್ನೂ ಡೇಟಾಬೇಸ್ ಡ್ರೈವರ್ರನ್ನೂ ಪ್ರತಿ ವರ್ಕರ್ ಹೊಸದಾಗಿ ಲೋಡ್ ಮಾಡಿಕೊಳ್ಳಬೇಕು. ಮೊದಲ ಬಿಲ್ಲಿನ ಮೊದಲ ಅಕ್ಷರ ಮೂಡುವ ಮುಂಚೆಯೇ ಹತ್ತಾರು ಮಿಲಿಸೆಕೆಂಡು, ಹತ್ತಾರು ಎಂಬಿ ಖರ್ಚಾಗಿರುತ್ತದೆ. ಲೂಪ್‌ನಲ್ಲಿ 6,000 ವರ್ಕರ್ ತೆರೆದರೆ 8 ಜಿಬಿ ಯಾವ ಮೂಲೆಗೂ ಸಾಲದು. ಪೂಲ್ ಎಂದರೆ ಕೆಲವೇ ವರ್ಕರ್‌ಗಳನ್ನು ಒಮ್ಮೆ ಎಬ್ಬಿಸಿ, ಮಲಗಲು ಬಿಡದೆ, ಒಂದಾದ ಮೇಲೊಂದು ಕೆಲಸ ಕೊಡುತ್ತ ಹೋಗುವ ವ್ಯವಸ್ಥೆ. ನೋಡ್‌ಜೆಎಸ್‌ನಲ್ಲಿ ವರ್ಕರ್ ಥ್ರೆಡ್ಸ್ 2018ರಲ್ಲಿ 10.5ನೇ ಆವೃತ್ತಿಯಲ್ಲಿ ಪ್ರಯೋಗವಾಗಿ ಬಂತು, 12ನೇ ಆವೃತ್ತಿಯಲ್ಲಿ ಸ್ಥಿರವಾಯಿತು. ಈಗಿನ ಯಾವುದೇ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಯಲ್ಲಿ ನೆಚ್ಚಿಕೊಂಡು ಬಳಸಬಹುದು.

ಪೂಲ್ ಕಟ್ಟುವ ಮುಂಚೆ ಅಳತೆ ಮಾಡಿ. ಸರ್ವರ್ರನ್ನು ಸಿಪಿಯು-ಪ್ರೊಫ್ ಎಂಬ ಫ್ಲ್ಯಾಗ್ ಕೊಟ್ಟು ಓಡಿಸಿ, ನೂರು ಬಿಲ್ಲು ಮಾಡಿಸಿ ಸರಿಯಾಗಿ ನಿಲ್ಲಿಸಿ. ಸಿಕ್ಕ ಪ್ರೊಫೈಲ್ ಫೈಲನ್ನು ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ತೆರೆದರೆ ಸಮಯ ಎಲ್ಲಿ ಹೋಗುತ್ತಿದೆ ಎಂಬುದು ಫಂಕ್ಷನ್ ಹೆಸರಿನ ಸಮೇತ ಕಾಣುತ್ತದೆ. ಕನ್ನಡ ಬಿಲ್ಲಾದ್ದರಿಂದ ಫಾಂಟ್‌ನ ಕೆಲಸಕ್ಕೆ ದೊಡ್ಡ ಪಾಲು ಹೋಗಿರುವ ಸಾಧ್ಯತೆ ಹೆಚ್ಚು. ಕೊತ್ತತ್ತಿ ಎಂಬ ಊರಿನ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್‌ನಲ್ಲಿ ಅದು 9 ಸಂಕೇತ. ಒತ್ತು ಎಲ್ಲಿ ಕೂರಬೇಕು, ಗುಣಿತದ ಚಿಹ್ನೆ ಯಾವುದಕ್ಕೆ ಅಂಟಬೇಕು ಎಂಬುದನ್ನು ಫಾಂಟ್‌ನೊಳಗಿನ ಕೋಷ್ಟಕ ನೋಡಿ ನಿರ್ಧರಿಸಬೇಕು. ಪಿಡಿಎಫ್‌ಕಿಟ್‌ನಲ್ಲಿ ಈ ಕೆಲಸ ಮಾಡುವುದು ಫಾಂಟ್‌ಕಿಟ್ ಎಂಬ ಲೈಬ್ರರಿ, ಅದೂ ಶುದ್ಧ ಜಾವಾಸ್ಕ್ರಿಪ್ಟ್‌ನಲ್ಲಿ. ಪಿಡಿಎಫ್‌ಕಿಟ್ ಜೊತೆಗೇ ಬರುವ ಹೆಲ್ವೆಟಿಕಾ ಬಳಸಿ ಇಂಗ್ಲಿಷ್‌ನಲ್ಲಿ ಮಾಡಿದ ಮಾದರಿ ಬಿಲ್ಲಿಗೆ ಈ ಖರ್ಚು ಇರುವುದಿಲ್ಲ. ಪರೀಕ್ಷೆಯಲ್ಲಿ ಸಲೀಸಾಗಿ ಓಡಿದ್ದು ಕನ್ನಡಕ್ಕೆ ಬಂದಾಗ ಮುಗ್ಗರಿಸಲು ಇದೊಂದು ಕಾರಣ.

ಇಲ್ಲೇ ವರ್ಕರ್ ಇಲ್ಲದೆಯೂ ಆಗುವ ಒಂದು ಉಳಿತಾಯವಿದೆ. ಬಿಲ್ಲಿಗೊಂದು ಹೊಸ ಡಾಕ್ಯುಮೆಂಟ್ ತೆರೆದರೆ ಕನ್ನಡ ಫಾಂಟನ್ನು 6,000 ಸಲ ಬಿಡಿಸಿ ಓದಬೇಕು, 6,000 ಸಲ ಅದರ ತುಣುಕನ್ನು ಪಿಡಿಎಫ್ ಒಳಗೆ ಸೇರಿಸಬೇಕು. ಕಬ್ಬು ವಿಭಾಗದವರು ಹೇಗಿದ್ದರೂ ಬಿಲ್ಲುಗಳನ್ನು ಊರುವಾರು ಕಟ್ಟು ಮಾಡಿಯೇ ಹಂಚುತ್ತಾರೆ. ಒಂದು ಊರಿನ ಬಿಲ್ಲುಗಳನ್ನು ಒಂದೇ ಡಾಕ್ಯುಮೆಂಟ್‌ನಲ್ಲಿ, ಬಿಲ್ಲಿಗೊಂದು ಪುಟದಂತೆ ಬರೆಯಿರಿ. ಫಾಂಟ್ ಬಿಡಿಸಿ ಓದಿ ಸೇರಿಸುವ ಕೆಲಸ ಕಟ್ಟಿಗೊಮ್ಮೆ ಮಾತ್ರ ಆಗುತ್ತದೆ. ಇದನ್ನು ಮೊದಲು ಮಾಡಿ, ಮತ್ತೆ ಅಳೆದು, ಆಮೇಲೆ ಪೂಲ್ ಕಡೆ ಬನ್ನಿ. (ಕ್ರೋಮ್ ಬ್ರೌಸರನ್ನು ಕೋಡ್‌ನಿಂದ ನಡೆಸುವ ಪಪೆಟಿಯರ್ ಮೂಲಕ ಪಿಡಿಎಫ್ ಮಾಡುವವರಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಅಲ್ಲಿ ಸಿಪಿಯು ತಿನ್ನುವುದು ಕ್ರೋಮ್‌ನ ಪ್ರೊಸೆಸ್. ಒಮ್ಮೆಗೆ ತೆರೆಯುವ ಪುಟಗಳಿಗೆ ಮಿತಿ ಹಾಕಿದರೆ ಸಾಕು.)

ಈಗ ಲೆಕ್ಕ. ಬಿಲ್ಲಿಗೆ 200 ಮಿಲಿಸೆಕೆಂಡಿನಂತೆ 6,000ಕ್ಕೆ 1,200 ಸೆಕೆಂಡ್, ಅಂದರೆ 20 ನಿಮಿಷ. 4 ಕೋರ್‌ನಲ್ಲಿ ಒಂದನ್ನು ಮುಖ್ಯ ಥ್ರೆಡ್‌ಗೆ ಬಿಟ್ಟು 3 ವರ್ಕರ್ ಇಟ್ಟುಕೊಳ್ಳಿ. 4 ಇಡಬಾರದು. ವಿ8ನ ಕಸ ಗುಡಿಸುವ ಸಹಾಯಕ ಥ್ರೆಡ್‌ಗಳು, ಲಿಬ್‌ಯುವಿಯ ಥ್ರೆಡ್‌ಗಳು, ಆಪರೇಟಿಂಗ್ ಸಿಸ್ಟಂ ಇವಕ್ಕೂ ಜಾಗ ಬೇಕು. ಡೇಟಾಬೇಸ್ ಅದೇ ಯಂತ್ರದಲ್ಲಿದ್ದಿದ್ದರೆ 2 ಎನ್ನುತ್ತಿದ್ದೆ. ಕಾಗದದ ಮೇಲೆ 3 ವರ್ಕರ್‌ಗೆ 400 ಸೆಕೆಂಡ್. ನಿಜದಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತದೆ, ಏಕೆಂದರೆ ಮೆಮೊರಿಯ ದಾರಿ ಎಲ್ಲರಿಗೂ ಒಂದೇ. ಕ್ಲೌಡ್‌ನಲ್ಲಾದರೆ 4 ವಿಸಿಪಿಯು ಎಂದು ಮಾರುವುದು ಬಹಳ ಕಡೆ 2 ಕೋರ್‌ನ 4 ಹೈಪರ್‌ಥ್ರೆಡ್. ಅಲ್ಲಿ 3 ವರ್ಕರ್‌ನಿಂದ 3 ಪಟ್ಟು ವೇಗ ನಿರೀಕ್ಷಿಸಬೇಡಿ.

ನನ್ನ ಸಲಹೆ ಇದಕ್ಕಿಂತ ಸ್ವಲ್ಪ ಬೇರೆ. ಮೂರನ್ನೂ ಬಿಲ್ಲಿನ ಕಟ್ಟಿಗೇ ಕೊಡಬೇಡಿ. 2 ವರ್ಕರ್‌ನ ಒಂದು ಪೂಲ್ ಕಟ್ಟುಗಳಿಗೆ, 1 ವರ್ಕರ್‌ನ ಇನ್ನೊಂದು ಪೂಲ್ ಕೌಂಟರ್‌ಗೆ ಇಡಿ. ಕೌಂಟರ್‌ಗೆ ಬಂದ ರೈತರು ಬ್ಯಾಂಕಿಗೆ ತೋರಿಸಲು ಒಂದು ಬಿಲ್ಲಿನ ನಕಲು ಕೇಳಿದಾಗ ಅದು ಸಾವಿರಾರು ಬಿಲ್ಲಿನ ಹಿಂದೆ ನಿಲ್ಲಬಾರದು. ಬಿಲ್ಲು ತಯಾರಿಕೆ 10 ನಿಮಿಷದ ಆಸುಪಾಸಿಗೆ ಹೋಗುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಇಲ್ಲಿ ಗೆಲ್ಲಬೇಕಾದದ್ದು ಒಟ್ಟು ಸಮಯವನ್ನಲ್ಲ. ತೂಕದ ಗುಮಾಸ್ತರಿಗೂ ಕೌಂಟರ್‌ನಲ್ಲಿ ನಿಂತವರಿಗೂ ತಡವಾಗದಂತೆ ನೋಡಿಕೊಳ್ಳುವುದನ್ನು.

ಪೂಲ್‌ನ ಗಾತ್ರದಲ್ಲಿ ಜನ ಎಡವುವ ಎರಡು ಜಾಗ ಹೇಳಿಬಿಡುತ್ತೇನೆ. ಮೊದಲನೆಯದು ಪಿಎಂ2, ಅಂದರೆ ನೋಡ್‌ಜೆಎಸ್ ಪ್ರೊಸೆಸ್‌ಗಳನ್ನು ಓಡಿಸಿ ನೋಡಿಕೊಳ್ಳುವ ಸಾಧನ. ಅದರ ಕ್ಲಸ್ಟರ್ ಮೋಡ್‌ನಲ್ಲಿ 4 ಪ್ರೊಸೆಸ್ ಓಡುತ್ತಿದ್ದು, ಪ್ರತಿಯೊಂದೂ 3 ವರ್ಕರ್ ತೆರೆದರೆ 12 ಥ್ರೆಡ್ 4 ಕೋರ್‌ಗೆ ಕಿತ್ತಾಡುತ್ತವೆ. ಎರಡನೆಯದು ಕಂಟೈನರ್. ಡಾಕರ್‌ನಲ್ಲಿ ಸಿಪಿಯು ಮಿತಿ 2 ಎಂದು ಹಾಕಿದ್ದರೂ ಸಿಪಿಯು ಪಟ್ಟಿ ಕೇಳಿದರೆ ನೋಡ್‌ಜೆಎಸ್ ಹೊರಗಿನ ಯಂತ್ರದ ಎಲ್ಲ ಕೋರ್‌ಗಳನ್ನೂ ಎಣಿಸಿ ಹೇಳುತ್ತದೆ. ಸಂಖ್ಯೆಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ನೀವೇ ಬರೆದಿಡುವುದು ಕ್ಷೇಮ.

ಇನ್ನು ಒಂದು ಕೆಲಸದ ಗಾತ್ರ. ಬಿಲ್ಲಿಗೊಂದು ಕೆಲಸ ಮಾಡಿದರೆ ಫಾಂಟ್ ಉಳಿತಾಯ ಸಿಗದು. ದೊಡ್ಡ ಊರಿನ 150 ಬಿಲ್ಲನ್ನು ಒಂದೇ ಕೆಲಸ ಮಾಡಿದರೆ 30 ಸೆಕೆಂಡ್ ಒಂದು ವರ್ಕರ್ ಬಂಧಿ, ನಡುವೆ ಏನಾದರೂ ಕೆಟ್ಟರೆ ಅಷ್ಟೂ ಮತ್ತೆ. ಕಟ್ಟಿಗೆ ಹೆಚ್ಚೆಂದರೆ 20 ಬಿಲ್ಲು ಇಡಿ, ಊರು ದೊಡ್ಡದಾದರೆ ಒಡೆಯಿರಿ. ಕಟ್ಟಿಗೆ 4 ಸೆಕೆಂಡ್ ಆಯಿತು. ನಿಲ್ಲಿಸಬೇಕೆಂದಾಗ ಬೇಗ ನಿಲ್ಲುತ್ತದೆ, ಎಷ್ಟು ಮುಗಿಯಿತು ಎಂದು ಪರದೆಯಲ್ಲಿ ತೋರಿಸುವುದೂ ಸುಲಭ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಮುಖ್ಯ ಥ್ರೆಡ್‌ಗೂ ವರ್ಕರ್‌ಗೂ ನಡುವೆ ಏನು ಓಡಾಡುತ್ತದೆ ಎಂಬುದಕ್ಕೆ. ಪೋಸ್ಟ್‌ಮೆಸೇಜ್ ಮಾಡಿದಾಗ ದತ್ತಾಂಶ ಹಾಗೇ ಹೋಗುವುದಿಲ್ಲ. ಸ್ಟ್ರಕ್ಚರ್ಡ್ ಕ್ಲೋನ್ ಎಂಬ ವಿಧಾನದಲ್ಲಿ ಅದರ ಪ್ರತಿ ತಯಾರಾಗುತ್ತದೆ. ಅದನ್ನು ಕಟ್ಟುವ ಕೆಲಸ ಕಳಿಸುವ ಥ್ರೆಡ್‌ನಲ್ಲಿ, ಬಿಚ್ಚುವ ಕೆಲಸ ಪಡೆಯುವ ಥ್ರೆಡ್‌ನಲ್ಲಿ ನಡೆಯುತ್ತದೆ, ಅದೂ ನಿಲ್ಲಿಸದೆ. 6,000 ರೈತರ ತೂಕದ ಚೀಟಿ, ಸಾಗಣೆ, ಕಟಾವು ಕೂಲಿ, ಮುಂಗಡ ಕಡಿತ ಎಲ್ಲವನ್ನೂ ಮುಖ್ಯ ಥ್ರೆಡ್‌ನಲ್ಲಿ ಡೇಟಾಬೇಸ್‌ನಿಂದ ತಂದು ವರ್ಕರ್‌ಗೆ ದಾಟಿಸಿದರೆ, ಆ ದಾಟಿಸುವಿಕೆಯೇ ತೂಕದ ಪರದೆಯನ್ನು ಹಿಡಿದು ನಿಲ್ಲಿಸುತ್ತದೆ. ಪೂಲ್ ಹಾಕಿದರೂ ಏನೂ ಬದಲಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರ ಕೋಡ್‌ನಲ್ಲಿ ಇದೇ ಇರುತ್ತದೆ.

ಆದ್ದರಿಂದ ಕಳಿಸಬೇಕಾದ್ದು ಊರಿನ ಕೋಡ್, ಪಾಕ್ಷಿಕದ ಸಂಖ್ಯೆ, 20 ರೈತರ ಐಡಿ, ಇಷ್ಟೇ. ದತ್ತಾಂಶವನ್ನು ವರ್ಕರ್ರೇ ಡೇಟಾಬೇಸ್‌ನಿಂದ ತಂದುಕೊಳ್ಳಲಿ. ಹಾಗೆ ಮಾಡುವಾಗ ಕನೆಕ್ಷನ್ ಎಣಿಸಿ: ಪ್ರತಿ ವರ್ಕರ್ ಮಾಡ್ಯೂಲ್‌ಗಳನ್ನು ಹೊಸದಾಗಿ ಲೋಡ್ ಮಾಡುವುದರಿಂದ ಅದರ ಕನೆಕ್ಷನ್ ಪೂಲ್ ಕೂಡ ಬೇರೆಯೇ. ನೋಡ್‌ಜೆಎಸ್‌ನ ಪೋಸ್ಟ್‌ಗ್ರೆಸ್ ಡ್ರೈವರ್‌ನ ಪೂಲ್ ಸುಮ್ಮನೆ ಬಿಟ್ಟರೆ 10 ಕನೆಕ್ಷನ್‌ವರೆಗೆ ತೆರೆಯುತ್ತದೆ. 3 ವರ್ಕರ್ ಮತ್ತು ಮುಖ್ಯ ಥ್ರೆಡ್ ಸೇರಿ 40 ಆಯಿತು. ಪಿಎಂ2ನಲ್ಲಿ 4 ಪ್ರೊಸೆಸ್ ಇದ್ದರೆ 160. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100. ವರ್ಕರ್‌ಗೆ ಒಂದೇ ಕನೆಕ್ಷನ್ ಸಾಕು, ಏಕೆಂದರೆ ಅದು ಒಮ್ಮೆಗೆ ಒಂದೇ ಕಟ್ಟು ಮಾಡುತ್ತದೆ.

ವಾಪಸು ಬರುವಾಗಲೂ ಅಷ್ಟೆ. ಪಿಡಿಎಫನ್ನು ವರ್ಕರ್ರೇ ಡಿಸ್ಕ್‌ಗೆ ಬರೆದು ಫೈಲಿನ ದಾರಿ, ಪುಟಗಳ ಸಂಖ್ಯೆ ಮಾತ್ರ ಹಿಂತಿರುಗಿಸಲಿ. ಕೌಂಟರ್‌ನ ಒಂಟಿ ಬಿಲ್ಲಿನಂತೆ ಬೈಟ್‌ಗಳನ್ನೇ ಕಳಿಸಬೇಕಾಗಿ ಬಂದರೆ ಅವು ಇರುವ ಮೆಮೊರಿ ತುಂಡಾದ ಅರೇಬಫರ್‌ನ ಒಡೆತನವನ್ನು ಟ್ರಾನ್ಸ್‌ಫರ್ ಮಾಡಬಹುದು. ಆಗ ಪ್ರತಿ ಆಗುವುದಿಲ್ಲ, ಆದರೆ ಕಳಿಸಿದವರ ಕೈಯಲ್ಲಿ ಅದರ ಉದ್ದ ಸೊನ್ನೆಯಾಗುತ್ತದೆ. ಥ್ರೆಡ್‌ಗಳು ಒಂದೇ ಮೆಮೊರಿಯನ್ನು ಹಂಚಿಕೊಳ್ಳುವ ಶೇರ್ಡ್‌ಅರೇಬಫರ್ ನಿಮಗೆ ಬೇಡ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಕ್ಲೋನ್ ಆಗುವಾಗ ಕ್ಲಾಸ್‌ನ ವಸ್ತುಗಳು ತಮ್ಮ ಮೆಥಡ್‌ಗಳನ್ನು ಕಳೆದುಕೊಂಡು ಬರೀ ದತ್ತಾಂಶವಾಗಿ ಆಚೆ ಇಳಿಯುತ್ತವೆ. ದಶಮಾಂಶ ಲೈಬ್ರರಿಯ ಮೊತ್ತವನ್ನು ಕಳಿಸಿದರೆ ಆ ಕಡೆ ಕೂಡಿಸುವ ಫಂಕ್ಷನ್ ಇಲ್ಲ ಎಂಬ ಎರರ್ ಬಂದರೆ ನಿಮ್ಮ ಅದೃಷ್ಟ. ಕೂಡಿಸುವ ಚಿಹ್ನೆ ಬಳಸಿದ್ದರೆ ಎರರ್ ಬರದೆ ಮೊತ್ತದ ಬದಲು ಅರ್ಥವಿಲ್ಲದ ಅಕ್ಷರಗಳೇ ಬಿಲ್ಲಿನಲ್ಲಿ ಅಚ್ಚಾದಾವು. ಮೊತ್ತವನ್ನು ಪೈಸೆಯ ಪೂರ್ಣಾಂಕವಾಗಿ ಕಳಿಸಿ. ಫಂಕ್ಷನ್‌ಗಳನ್ನಂತೂ ಕಳಿಸಲಾಗದು, ಕ್ಲೋನ್ ಮಾಡಲಾಗದು ಎಂಬ ಎರರ್ ತಕ್ಷಣ ಬರುತ್ತದೆ.

ಕೆಡುವ ರೀತಿಗಳನ್ನು ಮೊದಲೇ ಯೋಚಿಸಿ. ವರ್ಕರ್ ಒಳಗೆ ಯಾರೂ ಹಿಡಿಯದ ಎರರ್ ಬಂದರೆ ಆ ವರ್ಕರ್ ಸಾಯುತ್ತದೆ, ಎರರ್ ಈವೆಂಟ್ ಬರುತ್ತದೆ. ಯಾವುದೋ ಲೈಬ್ರರಿ ವರ್ಕರ್ ಒಳಗೆ ಪ್ರೊಸೆಸ್ ಎಕ್ಸಿಟ್ ಕರೆದರೆ ಎರರ್ ಬರುವುದಿಲ್ಲ, ಎಕ್ಸಿಟ್ ಈವೆಂಟ್ ಮಾತ್ರ ಬರುತ್ತದೆ. ಸ್ವಂತ ಪೂಲ್ ಬರೆಯುವವರು ಎರಡನ್ನೂ ಕೇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಆ ಕಟ್ಟಿನ ಪ್ರಾಮಿಸ್ ಎಂದೂ ಮುಗಿಯದು, ಪರದೆಯಲ್ಲಿ ಶೇಕಡಾ 97ಕ್ಕೆ ಬಂದು ನಿಂತಿರುತ್ತದೆ. ಸತ್ತ ವರ್ಕರ್ ಜಾಗಕ್ಕೆ ಹೊಸದನ್ನು ತಂದು, ಕಟ್ಟನ್ನು ಇನ್ನೊಮ್ಮೆ ಮಾತ್ರ ಪ್ರಯತ್ನಿಸಿ. ಎರಡನೇ ಸಲವೂ ಕೆಟ್ಟರೆ ಪಕ್ಕಕ್ಕಿಡಿ. ಮಿತಿ ಇಲ್ಲದೆ ಮರುಪ್ರಯತ್ನಿಸಿದರೆ ಒಂದು ಕೆಟ್ಟ ಕಟ್ಟು ಎಲ್ಲ ವರ್ಕರ್‌ಗಳನ್ನೂ ಸರದಿಯಂತೆ ಕೊಲ್ಲುತ್ತದೆ. ಸಾಮಾನ್ಯವಾಗಿ ಕೆಡಿಸುವುದು ಒಬ್ಬ ರೈತರ ಖಾಲಿ ಬ್ಯಾಂಕ್ ಖಾತೆ ಅಥವಾ ತೂಕವಿಲ್ಲದ ಚೀಟಿ. ಅದಕ್ಕೆ 20 ಜನರ ದತ್ತಾಂಶವನ್ನು ಪುಟ ಬರೆಯುವ ಮುಂಚೆಯೇ ಪರಿಶೀಲಿಸಿ, ಸರಿಯಿಲ್ಲದವರನ್ನು ಕಾರಣದ ಸಮೇತ ಪಟ್ಟಿ ಮಾಡಿ, ಉಳಿದವರ ಬಿಲ್ಲು ಮುಗಿಸಿ. ಅರ್ಧ ಪುಟ ಬರೆದ ಮೇಲೆ ತಪ್ಪು ಗೊತ್ತಾದರೆ ಡಾಕ್ಯುಮೆಂಟ್ ಪೂರ್ತಿ ಕೆಟ್ಟ ಹಾಗೆಯೇ.

ಕಟ್ಟಿಗೆ 60 ಸೆಕೆಂಡಿನ ಗಡುವು ಇಡಿ. ಮೀರಿದರೆ ಟರ್ಮಿನೇಟ್ ಮಾಡಿ. ಟರ್ಮಿನೇಟ್ ಎಂದರೆ ನಡುದಾರಿಯಲ್ಲೇ ಕಡಿದುಹಾಕುವುದು, ಅರ್ಧ ಬರೆದ ಫೈಲ್ ಡಿಸ್ಕ್‌ನಲ್ಲಿ ಉಳಿಯುತ್ತದೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ರೀನೇಮ್ ಮಾಡುವುದು ಇದಕ್ಕೆ ಮದ್ದು. ತಾತ್ಕಾಲಿಕ ಫೈಲ್ ಅದೇ ಫೋಲ್ಡರ್‌ನಲ್ಲಿರಲಿ. ಟೆಂಪ್ ಫೋಲ್ಡರ್ ಬೇರೆ ಫೈಲ್‌ಸಿಸ್ಟಂನಲ್ಲಿದ್ದರೆ ರೀನೇಮ್ ಸೋಲುತ್ತದೆ. ಮೆಮೊರಿಗೆ ರಿಸೋರ್ಸ್ ಲಿಮಿಟ್ಸ್‌ನಲ್ಲಿ ಹಳೆ ತಲೆಮಾರಿನ ಹೀಪ್ (ಹೆಚ್ಚು ಹೊತ್ತು ಉಳಿಯುವ ವಸ್ತುಗಳ ಮೆಮೊರಿ) 512 ಎಂಬಿ ಎಂದು ಹಾಕಿ. ಮೀರಿದ ವರ್ಕರ್ ಒಂದೇ ಬೀಳುತ್ತದೆ, ಸರ್ವರ್ ಉಳಿಯುತ್ತದೆ. ಆದರೆ ಬಫರ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಪಿಡಿಎಫನ್ನು ಪೂರ್ತಿ ಮೆಮೊರಿಯಲ್ಲಿ ಕೂಡಿಟ್ಟುಕೊಳ್ಳದೆ ಫೈಲ್ ಸ್ಟ್ರೀಮ್‌ಗೆ ಹರಿಸಿ.

ಸರದಿಗೂ ಮಿತಿ ಬೇಕು. "ಬಿಲ್ಲು ತಯಾರಿಸು" ಗುಂಡಿಯನ್ನು ಇಬ್ಬರು ಒಟ್ಟಿಗೆ ಒತ್ತುತ್ತಾರೆ, ಅಥವಾ ಒಬ್ಬರೇ ಎರಡು ಸಲ ಒತ್ತುತ್ತಾರೆ. ಪ್ರತಿ ಕಟ್ಟಿಗೂ ಡೇಟಾಬೇಸ್‌ನಲ್ಲಿ ಒಂದು ಸಾಲು ಇರಲಿ: ಊರು, ಪಾಕ್ಷಿಕ, ಕಟ್ಟಿನ ಕ್ರಮಾಂಕ, ಸ್ಥಿತಿ. ಮೊದಲ ಮೂರರ ಮೇಲೆ ಯುನೀಕ್ ನಿರ್ಬಂಧ ಹಾಕಿ. ಬಿಲ್ಲಿನ ಸಂಖ್ಯೆಯನ್ನು ಈ ಹಂತದಲ್ಲೇ ಕೊಟ್ಟುಬಿಡಿ, ವರ್ಕರ್ ಒಳಗೆ ಎಣಿಸಬೇಡಿ. ಎರಡು ವರ್ಕರ್ ಒಂದೇ ಸಂಖ್ಯೆ ಕೊಟ್ಟರೆ ಲೆಕ್ಕಪತ್ರದವರಿಗೆ ಆ ಗೋಜಲು ಬಿಡಿಸಲು ದಿನಗಟ್ಟಲೆ ಬೇಕು. ಪೂಲ್‌ನ ಸರದಿ ಇರುವುದು ಮೆಮೊರಿಯಲ್ಲಿ, ಕರೆಂಟ್ ಹೋದರೆ ಅದೂ ಹೋಯಿತು. ಸಾಲುಗಳು ಡೇಟಾಬೇಸ್‌ನಲ್ಲಿದ್ದರೆ ಮುಗಿಯದ ಕಟ್ಟುಗಳನ್ನು ಮಾತ್ರ ಮತ್ತೆ ಓಡಿಸಬಹುದು. ಕಬ್ಬು ತಲುಪಿದ 14 ದಿನದೊಳಗೆ ರೈತರಿಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ಮೊದಲಿನಿಂದ ಮಾಡುತ್ತ ಕೂರುವಷ್ಟು ಸಡಿಲ ಅಲ್ಲಿಲ್ಲ.

ಸರ್ವರ್ ನಿಲ್ಲಿಸುವಾಗ ಹೊಸ ಕಟ್ಟು ಕೊಡುವುದನ್ನು ನಿಲ್ಲಿಸಿ, ಕೈಯಲ್ಲಿರುವುದು ಮುಗಿಯಲು ಬಿಡಿ. ಪಿಎಂ2 ಮೂಲತಃ ಕಾಯುವುದು 1,600 ಮಿಲಿಸೆಕೆಂಡ್ ಮಾತ್ರ, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ನಿಮ್ಮ ಕಟ್ಟಿಗೆ 4 ಸೆಕೆಂಡ್ ಬೇಕು. ಕಿಲ್ ಟೈಮೌಟನ್ನು 15,000ಕ್ಕೆ ಏರಿಸಿ.

ಪೂಲನ್ನು ಸ್ವಂತ ಬರೆಯಬೇಕೆ? ಕಲಿಯಲು ಬರೆಯಿರಿ, ಕಾರ್ಖಾನೆಗೆ ಪಿಸಿನಾ ಲೈಬ್ರರಿ ಬಳಸಿ. ಅದರ ಮೂಲ ಹೊಂದಾಣಿಕೆಯನ್ನು ಮಾತ್ರ ಹಾಗೇ ಬಿಡಬೇಡಿ. ಹೆಚ್ಚೆಂದರೆ ಎಷ್ಟು ಥ್ರೆಡ್ ಎಂಬುದನ್ನು ಅದು ಕೋರ್‌ಗಳ ಒಂದೂವರೆ ಪಟ್ಟು ಎಂದು ಹಿಡಿಯುತ್ತದೆ, ನಿಮ್ಮಲ್ಲಿ 6. ಕನಿಷ್ಠ, ಗರಿಷ್ಠ ಎರಡನ್ನೂ 2 ಮಾಡಿ. ಕೌಂಟರ್ ಪೂಲ್‌ಗೆ 1. ಕನಿಷ್ಠವೂ ಗರಿಷ್ಠವೂ ಒಂದೇ ಆದರೆ ವರ್ಕರ್‌ಗಳು ಸುಮ್ಮನಿದ್ದಾಗ ಮುಚ್ಚಿಕೊಳ್ಳುವುದಿಲ್ಲ, ಲೋಡ್ ಆದ ಲೈಬ್ರರಿಗಳು ಬಿಸಿಯಾಗಿಯೇ ಇರುತ್ತವೆ. ಫಾಂಟ್ ಫೈಲನ್ನು ವರ್ಕರ್ ಫೈಲಿನ ಮೇಲ್ಭಾಗದಲ್ಲಿ, ಫಂಕ್ಷನ್‌ನ ಹೊರಗೆ, ಒಮ್ಮೆ ಬಫರ್ ಆಗಿ ಓದಿಟ್ಟುಕೊಳ್ಳಿ. ಒಂದು ವರ್ಕರ್‌ಗೆ ಏಕಕಾಲಕ್ಕೆ ಎಷ್ಟು ಕೆಲಸ ಎಂಬುದು 1 ಇರಲಿ. 2 ಮಾಡಿದರೆ ಒಂದು ಡೇಟಾಬೇಸ್‌ಗೆ ಕಾಯುವಾಗ ಇನ್ನೊಂದು ಓಡುತ್ತದೆ ಎಂಬ ಆಸೆ ಸಹಜ, ಆದರೆ ಗಡುವು ಮೀರಿ ಒಂದನ್ನು ಕಡಿದಾಗ ಇನ್ನೊಂದೂ ಅದರ ಜೊತೆ ಹೋಗುತ್ತದೆ. ಅಬಾರ್ಟ್ ಸಿಗ್ನಲ್ ಕೊಟ್ಟರೆ ಸರದಿಯಲ್ಲಿರುವ ಕೆಲಸವನ್ನು ಪಿಸಿನಾ ತೆಗೆದುಹಾಕುತ್ತದೆ, ಓಡುತ್ತಿರುವ ಕೆಲಸವಾದರೆ ಆ ವರ್ಕರ್ರನ್ನೇ ಕೊನೆಗೊಳಿಸುತ್ತದೆ. ಗಡುವಿಗೂ ಇದೇ ಸಾಕು.

ವರ್ಕರ್ ಥ್ರೆಡ್ ಕಾಪಾಡಲಾಗದ ಒಂದು ಸಂಗತಿ ಇದೆ. ಎಲ್ಲ ವರ್ಕರ್‌ಗಳೂ ಒಂದೇ ಪ್ರೊಸೆಸ್‌ನೊಳಗೆ ಇರುತ್ತವೆ. ಯಾವುದಾದರೂ ಸಿ++ ಆಡ್‌ಆನ್ ಸೆಗ್ಮೆಂಟೇಶನ್ ಫಾಲ್ಟ್‌ಗೆ ಬಿದ್ದರೆ, ಅಥವಾ ಬಫರ್‌ಗಳು ಬೆಳೆದು ಆಪರೇಟಿಂಗ್ ಸಿಸ್ಟಂ ಮೆಮೊರಿಗಾಗಿ ಪ್ರೊಸೆಸ್ಸನ್ನು ಕೊಂದರೆ ತೂಕದ ಪರದೆಯೂ ಬೀಳುತ್ತದೆ. ಆದ್ದರಿಂದ ಮುಂದಿನ ಹಂಗಾಮಿನೊಳಗೆ ಬಿಲ್ಲಿನ ಭಾಗವನ್ನು, ಈ ಪೂಲ್ ಸಮೇತ, ಬೇರೆ ಸರ್ವೀಸ್ ಮಾಡಿ. ಅದನ್ನು ನೈಸ್ 10, ಅಂದರೆ ಕಡಿಮೆ ಆದ್ಯತೆ, ಕೊಟ್ಟು ಓಡಿಸಿ. ಕೋರ್‌ಗಾಗಿ ಪೈಪೋಟಿ ಬಂದಾಗ ತೂಕಕ್ಕೆ ಮೊದಲ ಸರದಿ ಸಿಗುತ್ತದೆ. ಕಟ್ಟಿನ ಸಾಲುಗಳು ಆಗಲೇ ಡೇಟಾಬೇಸ್‌ನಲ್ಲಿರುವುದರಿಂದ ಬೇರ್ಪಡಿಸುವುದು ದೊಡ್ಡ ಕೆಲಸವಾಗದು.

ಹಾಕುವ ಮುಂಚೆ ಹೀಗೆ ಪರೀಕ್ಷಿಸಿ. ಡೇಟಾಬೇಸ್‌ನ ಒಂದು ಪ್ರತಿಯ ಮೇಲೆ ಪೂರ್ತಿ 6,000 ಬಿಲ್ಲು ಓಡಿಸಿ. ಅದೇ ಹೊತ್ತಿಗೆ ಸೆಕೆಂಡಿಗೊಂದು ತೂಕದ ರಿಕ್ವೆಸ್ಟ್ ಕಳಿಸುತ್ತಿರಿ. ಮುಖ್ಯ ಥ್ರೆಡ್‌ನಲ್ಲಿ ಪರ್ಫ್ ಹುಕ್ಸ್ ಮಾಡ್ಯೂಲ್‌ನ ಈವೆಂಟ್ ಲೂಪ್ ವಿಳಂಬದ ಮಾಪಕವನ್ನು ಹಚ್ಚಿಡಿ. ಅದು ನ್ಯಾನೊಸೆಕೆಂಡ್‌ನಲ್ಲಿ ಹೇಳುತ್ತದೆ, ಹತ್ತು ಲಕ್ಷದಿಂದ ಭಾಗಿಸಿದರೆ ಮಿಲಿಸೆಕೆಂಡ್. ಸರಾಸರಿ ನೋಡಬೇಡಿ, 99ನೇ ಪರ್ಸೆಂಟೈಲ್ (ನೂರರಲ್ಲಿ 99 ಅಳತೆಗಳು ಮೀರದ ಮಟ್ಟ) ಮತ್ತು ಗರಿಷ್ಠ ನೋಡಿ. 99ನೆಯದು 50 ಮಿಲಿಸೆಕೆಂಡಿನೊಳಗಿದ್ದರೆ ಗುಮಾಸ್ತರಿಗೆ ವ್ಯತ್ಯಾಸ ಗೊತ್ತಾಗದು. ನೂರಾರು ಬಂದರೆ ಮುಖ್ಯ ಥ್ರೆಡ್ ಇನ್ನೂ ಏನನ್ನೋ ಹೊರುತ್ತಿದೆ ಎಂದರ್ಥ. ಹುಡುಕಬೇಕಾದ ಜಾಗ ಮೂರು: ವರದಿಗಾಗಿ ಒಟ್ಟಿಗೇ ಪಾರ್ಸ್ ಮಾಡುತ್ತಿರುವ ದೊಡ್ಡ ಜೇಸನ್, ವರ್ಕರ್‌ನಿಂದ ಮರೆತು ವಾಪಸು ಬರುತ್ತಿರುವ ಪೂರ್ತಿ ದತ್ತಾಂಶ, ಮತ್ತು ಕನ್ಸೋಲ್ ಲಾಗ್. ಕೊನೆಯದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ: ವರ್ಕರ್‌ನಲ್ಲಿ ಬರೆದ ಲಾಗ್ ಕೂಡ ಮುಖ್ಯ ಥ್ರೆಡ್ ಮೂಲಕವೇ ಹೊರಗೆ ಬರುತ್ತದೆ. ಬಿಲ್ಲಿಗೆ ಹತ್ತು ಸಾಲು ಲಾಗ್ ಬರೆಯುತ್ತಿದ್ದರೆ 60,000 ಸಾಲು ಆ ದಾರಿಯಲ್ಲಿ ಹಾಯಬೇಕು. ಕಟ್ಟಿಗೆ ಒಂದು ಸಾಲಿಗೆ ಇಳಿಸಿ, ಮತ್ತೆ ಅಳೆಯಿರಿ.